ಕಾಲೇಜಿಗೆ ಹೋಗದೆ ಡಿಗ್ರಿ ಓದೋದು ಹೇಗೆ: ಕರೆಸ್ಪಾಂಡೆನ್ಸ್ ಕಟ್ಟೋಕೆ ಮುಂಚೆ ಒಂದ್ಸಲ ಓದ್ಕೊಳ್ಳಿ

ಹೋದ ತಿಂಗಳು ನನ್ನ ನಾದಿನಿ ಫೋನ್ ಮಾಡಿದ್ಲು. ಅತ್ತಿಗೆ, ನಾನೂ ನಿಮ್ತರ ಕರೆಸ್ಪಾಂಡೆನ್ಸಲ್ಲೇ ಬಿಎ ಕಟ್ಟಿಬಿಡ್ತೀನಿ, ಬುಕ್ಸೆಲ್ಲ ಮನೆಗೇ ಬರುತ್ತಂತೆ, ದಿನಾ ಹೋಗೋ ರಗಳೆ ಇಲ್ಲ, ಎಕ್ಸಾಮ್ ಹತ್ರ ಬಂದಾಗ ಕೂತು ಓದಿದ್ರೆ ಆಯ್ತಲ್ವಾ ಅಂದ್ಲು. ಆ ಕೊನೇ ಮಾತಿದೆಯಲ್ಲ, ಅದನ್ನೇ ನಾನೂ ಅಂದ್ಕೊಂಡಿದ್ದೆ, ಅದರ ಫಲ ಏನು ಅಂದ್ರೆ ಮೊದಲ ವರ್ಷ ಐದು ಪೇಪರ್ ಬರೆದು ಮೂರು ಬ್ಯಾಕ್. ಅವಳಿಗೆ ಫೋನಲ್ಲಿ ಒಂದು ಗಂಟೆ ಹೇಳಿದ್ದನ್ನ ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ ಇಲ್ಲಿ ಬರೀತಿದ್ದೀನಿ.

ನನ್ನ ಕಥೆ ಚಿಕ್ಕದು. ಪಿಯುಸಿ ಆದ್ಮೇಲೆ ಒಂದು ವರ್ಷ ರೆಗ್ಯುಲರ್ ಬಿಕಾಂಗೆ ಹೋಗಿದ್ದೆ, ಮದುವೆ ಆಯ್ತು, ಬಿಟ್ಟೆ. ಆಮೇಲೆ ಅರಸೀಕೆರೆಲಿ ಒಂದು ಮೆಡಿಕಲ್ ಶಾಪಲ್ಲಿ ಬಿಲ್ಲಿಂಗ್ ಕೆಲಸ, ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟೂವರೆವರೆಗೆ, ಮಧ್ಯಾಹ್ನ ಊಟಕ್ಕೆ ಮನೆ. ಆ ಕೆಲಸ ಮಾಡ್ಕೊಂಡೇ ದೂರ ಶಿಕ್ಷಣದಲ್ಲಿ ಬಿಎ ಮುಗಿಸಿದೆ, ಮೂರು ವರ್ಷದ್ದು ನಾಲ್ಕೂವರೆ ವರ್ಷ ಹಿಡೀತು. ಹಾಗಾಗಿ ಕ್ಲಾಸಲ್ಲಿ ಕೂತು ಕಲಿಯೋದೂ ಗೊತ್ತು, ಅಡುಗೆಮನೆ ಕಟ್ಟೆ ಮೇಲೆ ಬುಕ್ ಇಟ್ಕೊಂಡು ಕಲಿಯೋದೂ ಗೊತ್ತು.

ಮೊದಲು ಇದನ್ನ ಯೋಚನೆ ಮಾಡಿ: ಕ್ಲಾಸು ನಿಮಗೆ ಏನು ಮಾಡ್ತಿತ್ತು?

ಕ್ಲಾಸು ಅಂದ್ರೆ ಪಾಠ ಹೇಳೋದು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಪಾಠ ಬುಕ್ಕಲ್ಲೂ ಇದೆ, ಯೂಟ್ಯೂಬಲ್ಲೂ ಇದೆ. ಕ್ಲಾಸು ಮಾಡೋದು ಬೇರೆ ಕೆಲಸ, ಅದು ಇಲ್ದೇ ಇದ್ದಾಗಲೇ ಗೊತ್ತಾಗೋದು.

ನಮ್ಮ ಎಕನಾಮಿಕ್ಸ್ ಮೇಷ್ಟ್ರು ಒಂದಿನ ಬೋರ್ಡ್ ಮೇಲೆ ಸಪ್ಲೈ ಕರ್ವ್ ಬರೆದ್ರು. ಬರೆದು ತಿರುಗಿ ನೋಡಿದ್ರು, ಎಲ್ಲರ ಮುಖಾನೂ ಗೋಡೆ ಥರ. ಅವರು ಏನೂ ಮಾತಾಡ್ದೆ ಡಸ್ಟರ್ ತಗೊಂಡು ಅದನ್ನ ಒರೆಸಿ, ಹಿಂದಿನ ಬೆಂಚಲ್ಲಿದ್ದ ಹುಡುಗನ್ನ ನಿಲ್ಸಿ, ಏನಪ್ಪಾ ನಿಮ್ಮನೇಲಿ ತೆಂಗಿನ ತೋಟ ಇದ್ಯಲ್ಲ, ಕೊಬ್ಬರಿ ರೇಟು ಬಿದ್ದಾಗ ನಿಮ್ಮಪ್ಪ ತಿಪಟೂರು ಮಾರ್ಕೆಟ್ಟಿಗೆ ಹಾಕ್ತಾರಾ ಅಟ್ಟದ ಮೇಲೆ ಇಟ್ಕೋತಾರಾ ಅಂತ ಕೇಳಿದ್ರು. ಅಟ್ಟದ ಮೇಲೆ ಸಾರ್ ಅಂದ ಅವನು. ರೇಟು ಏರಿದ್ರೆ? ಎಲ್ಲಾ ಇಳಿಸಿ ಹಾಕ್ತಾರೆ ಸಾರ್. ಅದೇ ಕಣಯ್ಯಾ ಇದು ಅಂತ ಮತ್ತೆ ಅದೇ ಗೆರೆ ಎಳೆದ್ರು. ಎರಡು ನಿಮಿಷದ ಕೆಲಸ. ಅದೇ ಗೆರೆ ಐದು ವರ್ಷ ಆದ್ಮೇಲೆ ದೂರ ಶಿಕ್ಷಣದ ಬುಕ್ಕಲ್ಲಿ ಬಂದಾಗ ಬುಕ್ಕು ನನ್ನ ಮುಖ ನೋಡ್ಲಿಲ್ಲ, ಗೊತ್ತಾಯ್ತೋ ಬಿಡ್ತೋ ಅದು ಮುಂದಿನ ಪ್ಯಾರಾಕ್ಕೆ ಹೋಗ್ತಾನೇ ಇತ್ತು.

ಇದು ಒಂದು. ಇನ್ನೊಂದು, ಕ್ಲಾಸು ನಿಮ್ಮ ಪರವಾಗಿ ಹೊತ್ತು ಗೊತ್ತು ಮಾಡಿರುತ್ತೆ. ಹತ್ತು ಗಂಟೆಗೆ ಹಿಸ್ಟರಿ ಅಂದ್ರೆ ಹತ್ತು ಗಂಟೆಗೆ ಹಿಸ್ಟರಿ, ನಿಮಗೆ ಮೂಡಿದ್ಯಾ ಅಂತ ಯಾರೂ ಕೇಳಲ್ಲ, ಮನೇಲಿ ಕೂಡ ಕಾಲೇಜಿಗೆ ಹೋಗಿದ್ದಾಳೆ ಅಂದ್ರೆ ಆ ಟೈಮಲ್ಲಿ ಯಾರೂ ನೀರು ತಾ ಅನ್ನಲ್ಲ. ಮನೇಲೇ ಓದೋಳು ಅಂದ್ರೆ ಫ್ರೀ ಇದ್ದಾಳೆ ಅಂತ ಅರ್ಥ ಆಗೋಗಿರುತ್ತೆ ಎಲ್ಲರಿಗೂ. ಮೂರನೇದು ಪಕ್ಕದಲ್ಲಿ ಕೂತಿರೋ ಜನ, ನಿನ್ನೆ ಏನು ನೋಟ್ಸ್ ಕೊಟ್ರೇ ಅನ್ನೋಕೆ ಒಬ್ಬಳು.

ದೂರ ಶಿಕ್ಷಣದಲ್ಲಿ ಈ ಮೂರನ್ನೂ ನೀವೇ ಕಟ್ಕೋಬೇಕು. ಮುಂದೆ ಬರೆದಿರೋದೆಲ್ಲ ಅದನ್ನ ಕಟ್ಕೊಳ್ಳೋ ದಾರಿಗಳು ಅಷ್ಟೇ.

ಕೊರೋನಾ ಟೈಮಲ್ಲಿ ನೋಡಿದ್ವಲ್ಲ ಮನೇಲಿ ಕೂತು ಓದೋದನ್ನ, ಅದೇ ತಾನೇ ಇದೂ ಅಂತ ಕೆಲವರು ಅಂತಾರೆ. ಅಲ್ಲ ಕಣ್ರೀ. ಅದು ಕ್ಲಾಸಿಗೆ ಅಂತ ಮಾಡಿದ್ದ ಪಾಠಾನ ತಂದು ಮೊಬೈಲಿಗೆ ತುರುಕಿದ್ದು. ಚಂದನ ಟಿವಿ ಪಾಠ, ಮೊಬೈಲ್ ಪಾಠ ಎಲ್ಲ ಇದ್ರೂನೂ 2020ರ ಆಗಸ್ಟಲ್ಲಿ ವಿದ್ಯಾಗಮ ಅಂತ ಶುರು ಮಾಡಿ ಮೇಷ್ಟ್ರುಗಳೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ಕೆಳಗೆಲ್ಲ ಮಕ್ಕಳನ್ನ ಕೂರಿಸ್ಕೊಂಡು ಪಾಠ ಮಾಡ್ಬೇಕಾಯ್ತು, ಕೊರೋನಾ ಜಾಸ್ತಿ ಆಗಿ ಅಕ್ಟೋಬರಲ್ಲಿ ಅದನ್ನೂ ನಿಲ್ಸಿದ್ರು. ಮಕ್ಕಳಿಗೆ ಮುಖ ನೋಡೋರು ಬೇಕೇ ಬೇಕು. ದೊಡ್ಡವರ ದೂರ ಶಿಕ್ಷಣದ ಬುಕ್ಕುಗಳನ್ನ ಒಬ್ಬರೇ ಕೂತು ಓದ್ಕೊಳ್ಳಲಿ ಅಂತಲೇ ಬರೆದಿರ್ತಾರೆ, ಘಟಕ ಘಟಕವಾಗಿ ಒಡೆದು, ಮಧ್ಯ ಮಧ್ಯ ಪ್ರಶ್ನೆ ಕೊಟ್ಟು. ನಮ್ಮ ಕಡೆ ಇದು ಹೊಸದೂ ಅಲ್ಲ, ಮೈಸೂರು ಯೂನಿವರ್ಸಿಟಿಲಿ 1969ರಲ್ಲೇ ಶುರುವಾಗಿದ್ದು, ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ಅಂತ ಎಷ್ಟು ಚಂದದ ಹೆಸರಿತ್ತು ನೋಡಿ ಅದಕ್ಕೆ. ತೆರಪು ಅಂದ್ರೆ ಬಿಡುವು. ಅದೇ ಮುಂದೆ 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಅಂದ್ರೆ ಕೆಎಸ್‌ಒಯು ಆಯ್ತು. ದೇಶದ ಮಟ್ಟದ ಇಂದಿರಾ ಗಾಂಧಿ ಮುಕ್ತ ವಿವಿ, ಅದನ್ನೇ ಇಗ್ನೋ ಅನ್ನೋದು, 1985ರದ್ದು.

ಯಾರು ಕಟ್ಟಬಾರದು

ಇದನ್ನ ನೇರವಾಗಿ ಹೇಳಿಬಿಡ್ತೀನಿ. ಈಗಷ್ಟೇ ಪಿಯುಸಿ ಮುಗಿಸಿರೋ ಹದಿನೆಂಟು ವರ್ಷದ ಮಕ್ಕಳು, ಊರಲ್ಲೋ ಪಕ್ಕದ ಊರಲ್ಲೋ ಸರ್ಕಾರಿ ಡಿಗ್ರಿ ಕಾಲೇಜಿದೆ, ಮನೇಲಿ ಕಳಿಸ್ತಾರೆ ಅಂದ್ರೆ ಹೋಗ್ರಪ್ಪಾ, ದಮ್ಮಯ್ಯ. ಲೈಬ್ರರಿ, ಸ್ಕಾಲರ್‌ಶಿಪ್ಪು, ಬಸ್ ಪಾಸು, ಹಾಸ್ಟೆಲ್ಲು, ಸ್ಟೇಜ್ ಮೇಲೆ ನಿಂತು ಮಾತಾಡೋ ಅಭ್ಯಾಸ, ಜೀವಮಾನಕ್ಕೆ ಆಗೋ ಇಬ್ಬರು ಫ್ರೆಂಡ್ಸು, ಇದ್ಯಾವುದೂ ಪೋಸ್ಟಲ್ಲಿ ಬರಲ್ಲ. ಸೈನ್ಸ್ ಲ್ಯಾಬ್ ಇಷ್ಟ ಇರೋರಿಗೂ ಇದು ಒಗ್ಗಲ್ಲ.

ಇನ್ನು ಕೆಲವು ಕೋರ್ಸು ದೂರ ಶಿಕ್ಷಣದಲ್ಲಿ ಮಾಡೋ ಹಾಗೇ ಇಲ್ಲ. ಇಂಜಿನಿಯರಿಂಗ್, ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಆರ್ಕಿಟೆಕ್ಚರ್, ಲಾ, ಪಿಎಚ್‌ಡಿ, ಇವನ್ನ ಯಾರಾದ್ರೂ ಮನೇಲೇ ಕೂತು ಮಾಡಿಸಿಕೊಡ್ತೀನಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಕೆಲವು ಡೀಮ್ಡ್ ಯೂನಿವರ್ಸಿಟಿಗಳು ಪರ್ಮಿಷನ್ ಇಲ್ದೆ ದೂರ ಶಿಕ್ಷಣದಲ್ಲಿ ಇಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ದು ಸುಪ್ರೀಂ ಕೋರ್ಟ್ ತನಕ ಹೋಗಿ 2017ರ ನವೆಂಬರಲ್ಲಿ ತೀರ್ಪು ಅವರ ವಿರುದ್ಧ ಬಂತು, ಆಗ್ಲೇ ಕೆಲಸದಲ್ಲಿದ್ದೋರ ಪ್ರಮೋಷನ್ನಿಗೂ ಕುತ್ತು ಬಂತು. ಬಿಎಡ್ ಕತೆ ಬೇರೆ, ಅದಕ್ಕೆ ಟೀಚರ್ ಟ್ರೈನಿಂಗ್ ಕೋರ್ಸುಗಳನ್ನ ನೋಡ್ಕೊಳ್ಳೋ ಎನ್‌ಸಿಟಿಇಯ ರೂಲ್ಸು, ಅದನ್ನ ಪ್ರತ್ಯೇಕ ವಿಚಾರಿಸಿ.

ಕೆಲಸ ಬಿಡೋಕಾಗಲ್ಲ, ಚಿಕ್ಕ ಮಕ್ಕಳಿದ್ದಾರೆ, ತೋಟ ನೋಡ್ಕೋಬೇಕು, ಓದು ನಿಂತು ವರ್ಷಗಳಾಗಿದೆ, ಇಂಥೋರಿಗೆ ಇದು ವರ. ರೆಗ್ಯುಲರ್ ಓದ್ತಾ ಇನ್ನೊಂದು ಡಿಗ್ರಿ ಬೇಕು ಅನ್ನೋರಿಗೂ ಆಗುತ್ತೆ, ಒಟ್ಟೊಟ್ಟಿಗೆ ಎರಡು ಮಾಡಬಹುದು ಅಂತ 2022ರಲ್ಲಿ ಯುಜಿಸಿ, ಅಂದ್ರೆ ಯೂನಿವರ್ಸಿಟಿಗಳ ಮೇಲೆ ಕಣ್ಣಿಡೋ ಕೇಂದ್ರದ ಸಂಸ್ಥೆ, ಒಪ್ಪಿದೆ.

ದುಡ್ಡು ಕಟ್ಟೋ ಮುಂಚೆ

ನಾನು ಮೊದಲು ದುಡ್ಡು ಕಟ್ಟಿದ್ದು ಯೂನಿವರ್ಸಿಟಿಗಲ್ಲ, ಒಂದು ಬೇಕರಿ ಮೇಲಿನ ರೂಮಿಗೆ. ಬೋರ್ಡ್ ದೊಡ್ಡದಾಗಿತ್ತು. ಮೇಡಂ ನೀವು ಅಸೈನ್‌ಮೆಂಟ್ ಬರೆಯೋದೂ ಬೇಡ ನಾವೇ ಬರೆಸ್ತೀವಿ, ಎಕ್ಸಾಮಿಗೆ ಬಂದು ಕೂತ್ರೆ ಸಾಕು, ಪಾಸ್ ಗ್ಯಾರಂಟಿ ಅಂದ. ಮೂರು ಸಾವಿರ ಕೊಟ್ಟೆ, ರಸೀದಿನೂ ಕೊಟ್ಟ, ಮನೆಗೆ ಬಂದು ನೋಡಿದ್ರೆ ರಸೀದಿಲಿ ಯಾವ ಯೂನಿವರ್ಸಿಟಿ ಹೆಸರೂ ಇಲ್ಲ, ಅವನ ಅಂಗಡಿ ಹೆಸರೇ ಇರೋದು. ಎರಡು ತಿಂಗಳು ಬಿಟ್ಟು ಹೋದ್ರೆ ಆ ರೂಮಲ್ಲಿ ಟೈಲರಿಂಗ್ ಕ್ಲಾಸ್ ನಡೀತಿತ್ತು. ನಮ್ಮನೆಯವ್ರು ಇವತ್ತಿಗೂ ಆ ಬೇಕರಿ ಮುಂದೆ ಹೋಗೋವಾಗ ನಗ್ತಾರೆ.

ಹಾಗಾಗಿ ಯಾವತ್ತೂ ಯೂನಿವರ್ಸಿಟಿ ವೆಬ್‌ಸೈಟಲ್ಲೇ, ಇಲ್ಲ ಅವರದ್ದೇ ಪ್ರಾದೇಶಿಕ ಕೇಂದ್ರಕ್ಕೆ ಹೋಗಿ ಅಡ್ಮಿಷನ್ ಮಾಡ್ಸಿ. ಅದಕ್ಕೂ ಮುಂಚೆ ಯುಜಿಸಿಯ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೋ, ಡಿಇಬಿ ಅಂತಾರೆ, ಅವರ ಸೈಟಲ್ಲಿ ಲಿಸ್ಟ್ ನೋಡಿ. ನೋಡೋವಾಗ ಯೂನಿವರ್ಸಿಟಿ ಹೆಸರಿದೆ ಅಂತ ಖುಷಿಪಟ್ಕೊಂಡು ಮುಚ್ಚಬೇಡಿ. ನಿಮ್ಮ ಕೋರ್ಸ್ ಹೆಸರಿದ್ಯಾ, ನೀವು ಸೇರೋ ವರ್ಷಕ್ಕೆ ಇದ್ಯಾ, ಅದನ್ನ ನೋಡಿ, ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ ಫೈಲಲ್ಲಿ ಇಟ್ಕೊಳ್ಳಿ. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನಮ್ಮ ರಾಜ್ಯದಲ್ಲೇ ಆಗಿದೆ ಇದು. ಮುಕ್ತ ವಿವಿಗೆ 2012-13ರಿಂದಾಚೆಗಿನ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಹೇಳ್ತು, ರಾಜ್ಯದ ಹೊರಗೆಲ್ಲ ಸೆಂಟರ್ ನಡೆಸಿದ್ದು, ಟೆಕ್ನಿಕಲ್ ಕೋರ್ಸ್ ಕೊಟ್ಟಿದ್ದು ಕಾರಣ. ಏನೂ ತಪ್ಪು ಮಾಡದೆ ಬಿಎ ಎಂಎ ಓದ್ತಿದ್ದೋರೆಲ್ಲ ಅದರಲ್ಲಿ ಸಿಕ್ಕಿಹಾಕ್ಕೊಂಡ್ರು. 2018ರಲ್ಲಿ ಮತ್ತೆ ಮಾನ್ಯತೆ ಬಂತು, ಈಗ ಚೆನ್ನಾಗೇ ನಡೀತಿದೆ. ಯಾವುದೇ ಯೂನಿವರ್ಸಿಟಿ ಆಗ್ಲಿ, ವರ್ಷ ನೋಡ್ಕೊಳ್ಳೋದು ನಮ್ಮ ಕೆಲಸ.

2024ರಿಂದ ಡಿಇಬಿ ಐಡಿ ಅಂತ ಒಂದು ಕಡ್ಡಾಯ ಮಾಡಿದ್ದಾರೆ. ಮೊದಲು ಎಬಿಸಿ ಐಡಿ, ಅಂದ್ರೆ ನಿಮ್ಮ ಓದಿನ ಲೆಕ್ಕ ಜಮಾ ಆಗೋ ಆನ್‌ಲೈನ್ ಖಾತೆ, ಮಾಡ್ಕೊಂಡು ಆಮೇಲೆ ಇದನ್ನ ಮಾಡ್ಕೋಬೇಕು, ಆಧಾರಲ್ಲಿ ಒಂದು ಹೆಸರು ಮಾರ್ಕ್ಸ್ ಕಾರ್ಡಲ್ಲಿ ಒಂದು ಇನಿಷಿಯಲ್ ಇದ್ರೆ ಇಲ್ಲೇ ಸಿಕ್ಕಿಹಾಕ್ಕೊಳ್ಳೋದು, ಮದುವೆ ಆದ್ಮೇಲೆ ಹೆಸರು ಬದಲಾಯಿಸಿರೋ ಹೆಣ್ಮಕ್ಕಳಂತೂ ಅಡ್ಮಿಷನ್ ಶುರುವಾಗೋಕೆ ಎರಡು ತಿಂಗಳು ಮುಂಚೆನೇ ಸರಿ ಮಾಡಿಸ್ಕೊಳ್ಳಿ.

ಕೆಎಸ್‌ಒಯುನೋ ಇಗ್ನೋನೋ ಅಂತ ಕೇಳ್ತಾರೆ. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೀಬೇಕು ಅಂದ್ರೆ ಮೈಸೂರಿನದ್ದು. ಇಗ್ನೋಲಿ ಹೆಚ್ಚಾಗಿ ಇಂಗ್ಲಿಷ್ ಹಿಂದಿನೇ, ಆದ್ರೆ ಗಂಡನಿಗೆ ಟ್ರಾನ್ಸ್‌ಫರ್ ಆಗೋ ಕೆಲಸ, ಪುಣೆ ಹೈದರಾಬಾದ್ ಅಂತ ಓಡಾಡ್ತಿರ್ತೀರಿ ಅಂದ್ರೆ ಅದು ದೇಶದಲ್ಲಿ ಎಲ್ಲಿ ಹೋದ್ರೂ ನಡೆಯುತ್ತೆ. ರಾಜ್ಯದ ಮುಕ್ತ ವಿವಿಯ ದೂರ ಶಿಕ್ಷಣ ರಾಜ್ಯದ ಗಡಿ ಒಳಗೆ ಮಾತ್ರ.

ಗಂಟೆ ಲೆಕ್ಕ

ಇದು ಯಾರೂ ಹೇಳಲ್ಲ, ಇಲ್ಲೇ ಮುಕ್ಕಾಲು ಜನ ಮುಗ್ಗರಿಸೋದು ಅಂತ ನನ್ನ ಅನಿಸಿಕೆ. ಇಗ್ನೋದಲ್ಲಿ ಒಂದು ಕ್ರೆಡಿಟ್ ಅಂದ್ರೆ 30 ಗಂಟೆ ಓದು ಅಂತ ಲೆಕ್ಕ, ಓದೋದು ಬರೆಯೋದು ಅಸೈನ್‌ಮೆಂಟು ಎಲ್ಲಾ ಸೇರಿ. ಅವರ ಹಳೇ ಮೂರು ವರ್ಷದ ಬಿಎ 96 ಕ್ರೆಡಿಟ್ಟು, ಅಂದ್ರೆ ವರ್ಷಕ್ಕೆ 32. 32ನ್ನ 30ರಿಂದ ಗುಣಿಸಿ, 960 ಗಂಟೆ. ವಾರಕ್ಕೆ ಹದಿನೆಂಟು ಗಂಟೆ ಚಿಲ್ಲರೆ. ಈಗ ಬೇರೆ ಕೋರ್ಸಲ್ಲಿ ಕ್ರೆಡಿಟ್ಟು ಹೆಚ್ಚುಕಮ್ಮಿ ಇರಬಹುದು, ನಿಮ್ಮ ಪ್ರಾಸ್ಪೆಕ್ಟಸ್ ತೆಗೆದು ಇದೇ ಥರ ಗುಣಿಸಿ ನೋಡಿ. ಅಷ್ಟು ಪೂರ್ತಿ ಓದದೆ ಪಾಸಾದೋರು ಬೇಕಾದಷ್ಟು ಜನ ಇದ್ದಾರೆ, ಇರ್ಲಿ, ಆದ್ರೆ ಎಕ್ಸಾಮ್ ಹತ್ರ ಹದಿನೈದು ದಿನ ಓದೋದಕ್ಕೂ ಇದಕ್ಕೂ ಎಷ್ಟು ದೂರ ಅಂತ ಗೊತ್ತಾಗ್ಲಿ ಅಂತ.

ಅದಕ್ಕೇ ಅಡ್ಮಿಷನ್‌ಗಿಂತ ಮುಂಚೆ ಒಂದು ವಾರ ಈ ಕೆಲಸ ಮಾಡಿ. ಕ್ಯಾಲೆಂಡರ್ ಹಿಂದೆ ದಿನಾ ರಾತ್ರಿ ಬರೀರಿ, ಇವತ್ತು ಯಾವ ಅರ್ಧ ಗಂಟೆ ನನ್ನದಾಗಿತ್ತು ಅಂತ. ಆಗ್ಬಹುದಿತ್ತು ಅನ್ನೋದನ್ನ ಬರೀಬೇಡಿ, ನಿಜವಾಗ್ಲೂ ಆಗಿದ್ದು ಮಾತ್ರ. ನನಗೆ ಸಿಕ್ಕಿದ್ದು ಬೆಳಿಗ್ಗೆ ಐದರಿಂದ ಆರೂವರೆ, ಮತ್ತೆ ಶಾಪಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕು, ಆಗ ಗಿರಾಕಿ ಕಮ್ಮಿ. ರಾತ್ರಿ ಓದ್ತೀನಿ ಅಂತ ಮೊದಲ ವರ್ಷ ಅಂದ್ಕೊಂಡಿದ್ದೆ, ಒಂಬತ್ತೂವರೆಗೆ ಬುಕ್ ಹಿಡಿದ್ರೆ ಒಂಬತ್ತು ಮುಕ್ಕಾಲಿಗೆ ಅದರ ಮೇಲೇ ನಿದ್ದೆ.

ಸಿಕ್ಕ ಹೊತ್ತನ್ನ ಮನೇಲಿ ಎಲ್ಲರಿಗೂ ಹೇಳಿ, ಬರೆದು ಗೋಡೆಗೆ ಅಂಟಿಸಿ, ಓದೋಕೆ ಒಂದೇ ಜಾಗ ಇಟ್ಕೊಳ್ಳಿ. ನಮ್ಮತ್ತೆ ಮೊದಲು ಗೊಣಗಿದ್ರು, ಆಮೇಲೆ ಅವರೇ ಬೆಳಿಗ್ಗೆ ಐದಕ್ಕೆ ಏಳಮ್ಮಾ ನಿನ್ನ ಕಾಲೇಜು ಶುರುವಾಯ್ತು ಅಂತ ಎಬ್ಬಿಸೋಕೆ ಶುರು ಮಾಡಿದ್ರು.

ಓದೋ ರೀತಿ

ಸುಮ್ಮನೆ ಓದ್ತಾ ಹೋಗಬೇಡಿ. ಎರಡು ಸಲ ಓದಿದಾಗ ಎಲ್ಲಾ ಗೊತ್ತಿರೋ ಹಾಗೆ ಅನ್ಸುತ್ತೆ, ಅದು ಅಕ್ಷರದ ಪರಿಚಯ ಅಷ್ಟೇ, ದಾರೀಲಿ ದಿನಾ ಸಿಗೋರ ಮುಖ ಗೊತ್ತಿದ್ದು ಹೆಸರು ಗೊತ್ತಿಲ್ದೇ ಇರುತ್ತಲ್ಲ ಹಾಗೆ. ನಾಲ್ಕು ಪುಟ ಓದಿ, ಬುಕ್ ಮುಚ್ಚಿ, ಹಳೇ ನೋಟ್‌ಬುಕ್ಕಲ್ಲಿ ನೆನಪಿರೋದನ್ನ ಬರೀರಿ. ಮೊದಲ ಸಲ ನಾಲ್ಕು ಸಾಲೂ ಬರಲ್ಲ, ಅಳು ಬರುತ್ತೆ, ಪರವಾಗಿಲ್ಲ. ಬುಕ್ ತೆಗೆದು ಬಿಟ್ಟಿದ್ದನ್ನ ಕೆಂಪು ಪೆನ್ನಲ್ಲಿ ಸೇರಿಸಿ. ಮೂರು ದಿನ ಬಿಟ್ಟು ಮತ್ತೆ ಬುಕ್ ನೋಡ್ದೆ ಬರೀರಿ. ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು, ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದೋರೇ ಮುಂದೆ, ಒಂದು ವಾರ ಬಿಟ್ಟು ಕೇಳಿದ್ರೆ ನೆನಪು ಮಾಡ್ಕೊಂಡು ಬರೆದೋರು ಮುಂದೆ. ನಮ್ಮ ಎಕ್ಸಾಮು ಐದು ನಿಮಿಷಕ್ಕೆ ಬರಲ್ವಲ್ಲ.

ಇನ್ನೊಂದು ಉಪಾಯ. ಮುಖ್ಯವಾದ ಪಾಯಿಂಟನ್ನ ಫೋನಲ್ಲಿ ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ, ಮುದ್ದೆ ತಿರುವೋವಾಗ, ಪಾತ್ರೆ ತೊಳೆಯೋವಾಗ ಹಾಕ್ಕೊಳ್ಳಿ. ನಮ್ಮನೆಯವ್ರಿಗೆ ಟಿಪ್ಪು ಕಾಲದ ಕಂದಾಯ ಪದ್ಧತಿ ಪೂರ್ತಿ ಬಾಯಿಪಾಠ ಆಗೋಗಿತ್ತು ಪಾಪ, ಎಕ್ಸಾಮ್ ಬರೆಯೋ ಅವಕಾಶ ಮಾತ್ರ ಸಿಗ್ಲಿಲ್ಲ.

ಬುಕ್ಸ್ ಲೇಟಾಗಿ ಬರುತ್ತೆ, ಅದನ್ನ ಕಾಯ್ತಾ ಕೂರಬೇಡಿ. ಇಗ್ನೋದ ಬುಕ್ಕುಗಳು ಇಜ್ಞಾನಕೋಶ್ ಅನ್ನೋ ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಬೇರೆ ಯೂನಿವರ್ಸಿಟಿಲಿ ಓದೋರೂ ಇಳಿಸ್ಕೊಂಡು ನೋಡಬಹುದು, ನಾನಂತೂ ಹಿಸ್ಟರಿಗೆ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿದ್ದೀನಿ. ಗೈಡು ಬೇಡ ಅಂತ ಹೇಳಲ್ಲ, ಮೊದಲು ಬುಕ್ಕು ಆಮೇಲೆ ಗೈಡು.

ಡೌಟ್ ಬಂದ್ರೆ ಯಾರನ್ನ ಕೇಳೋದು

ಕ್ಲಾಸಲ್ಲಿ ಮೇಷ್ಟ್ರು ನಿಮ್ಮ ಮುಖ ನೋಡಿ ಹಿಡೀತಾರೆ ಅಂದೆನಲ್ಲ, ಇಲ್ಲಿ ನಿಮ್ಮ ಡೌಟನ್ನ ನೀವೇ ಹಿಡೀಬೇಕು. ಒಂದು ಚಿಕ್ಕ ನೋಟ್‌ಬುಕ್ ಇಡಿ, ಬರೀ ಡೌಟಿಗೆ. ಬರೆಯೋ ರೀತಿ ಮುಖ್ಯ. ಮೂರನೇ ಘಟಕ ಅರ್ಥ ಆಗ್ಲಿಲ್ಲ ಅಂತ ಬರೆದ್ರೆ ಅದನ್ನ ಯಾವ ದೇವರೂ ಬಗೆಹರಿಸಲ್ಲ. ಪುಟ 43, ಎರಡನೇ ಪ್ಯಾರಾ, ಇಲ್ಲಿವರೆಗೆ ಗೊತ್ತಾಯ್ತು, ಆದ್ದರಿಂದ ಅಂತ ಹೇಳಿದಾರಲ್ಲ ಆ ಆದ್ದರಿಂದ ಎಲ್ಲಿಂದ ಬಂತು ಅಂತ ಗೊತ್ತಾಗ್ಲಿಲ್ಲ, ಹೀಗೆ ಬರೀರಿ. ತಮಾಷೆ ಏನಂದ್ರೆ ಹೀಗೆ ಬರೆಯೋವಾಗ್ಲೇ ಅರ್ಧ ಡೌಟು ಬಗೆಹರಿದುಹೋಗುತ್ತೆ.

ಉಳಿದಿದ್ದನ್ನ ಕಾಂಟ್ಯಾಕ್ಟ್ ಕ್ಲಾಸಿಗೆ ತಗೊಂಡು ಹೋಗಿ. ಸಂಪರ್ಕ ತರಗತಿಗೆ ಹೋಗೋದು ವೇಸ್ಟು ಅಂತ ಬಹಳ ಜನ ಹೇಳ್ತಾರೆ, ಕೈಬೀಸ್ಕೊಂಡು ಹೋದ್ರೆ ವೇಸ್ಟೇ. ನಾನು ಎರಡನೇ ವರ್ಷ ಶಾಪಲ್ಲಿ ಕಾಡಿಬೇಡಿ ರಜೆ ತಗೊಂಡು ಹದಿನಾಲ್ಕು ಡೌಟ್ ಬರ್ಕೊಂಡು ಹೋಗಿದ್ದೆ, ಕ್ಲಾಸ್ ಮುಗಿದ್ಮೇಲೆ ಮೇಡಂ ಹತ್ರ ಹೋಗಿ ಪುಟ ತೆಗೆದು ತೋರಿಸಿದೆ, ಅವರು ಕಾಫಿ ತರಿಸಿ ಮುಕ್ಕಾಲು ಗಂಟೆ ಕೂತು ಹೇಳಿಕೊಟ್ರು, ಈ ಥರ ಕೇಳೋರೇ ಬರಲ್ಲಮ್ಮಾ ಅಂದ್ರು. ಊರಲ್ಲಿ ಹಳೇ ಮೇಷ್ಟ್ರು ಇದ್ರೆ ಅವರನ್ನೂ ಬಿಡಬೇಡಿ, ರಿಟೈರಾದ ಮೇಷ್ಟ್ರಿಗೆ ಡೌಟ್ ತಗೊಂಡು ಬರೋರು ಅಂದ್ರೆ ಪ್ರಾಣ.

ಜೊತೆ ಬೇಕಲ್ಲ, ಅದಕ್ಕೆ ಎಲ್ಲರೂ ವಾಟ್ಸಾಪ್ ಗ್ರೂಪ್ ಸೇರ್ತಾರೆ. ಇನ್ನೂರು ಜನ, ಬೆಳಿಗ್ಗೆ ಶುಭೋದಯ, ರಾತ್ರಿ ರಿಸಲ್ಟ್ ಯಾವಾಗ ಅಂತ, ಮಧ್ಯ ಪ್ಲಾಟ್ ಸೇಲ್ ಮೆಸೇಜು. ಡೇಟ್ ತಿಳಿಯೋಕೆ ಅದಿರ್ಲಿ, ಮ್ಯೂಟ್ ಮಾಡಿ. ಅದರೊಳಗಿಂದ ಇಬ್ಬರನ್ನ ಹುಡುಕಿ ಮೂರೇ ಜನದ್ದು ಇನ್ನೊಂದು ಮಾಡ್ಕೊಳ್ಳಿ. ನಮ್ಮದರಲ್ಲಿ ನಾನು, ಕಡೂರಿನ ಒಬ್ಬ ಅಂಗನವಾಡಿ ಟೀಚರ್, ಹಾಸನದ ಒಬ್ಬ ಆಟೋ ಓಡಿಸೋ ಹುಡುಗ. ಭಾನುವಾರ ರಾತ್ರಿ ಎಂಟಕ್ಕೆ ಕಾಲ್, ಒಬ್ಬೊಬ್ಬರು ಒಂದೊಂದು ವಿಷಯ ಬುಕ್ ನೋಡ್ದೆ ಹತ್ತು ನಿಮಿಷ ಹೇಳ್ಬೇಕು. ಅವನ ಮುಂದೆ ಮರ್ಯಾದೆ ಹೋಗಬಾರದು ಅಂತ್ಲೇ ಶನಿವಾರ ಓದಿರೋದುಂಟು ನಾನು.

ಅಸೈನ್‌ಮೆಂಟು

ಇದನ್ನ ಹಗುರವಾಗಿ ತಗೋಬೇಡಿ. ಇಗ್ನೋಲಿ ಸಾಮಾನ್ಯವಾಗಿ 30 ಪರ್ಸೆಂಟ್ ಅಸೈನ್‌ಮೆಂಟಿಗೆ, 70 ಎಕ್ಸಾಮಿಗೆ. ಮನೇಲಿ ಬುಕ್ ನೋಡ್ಕೊಂಡು ಬರೆದು ತಗೊಳ್ಳೋ ಮಾರ್ಕ್ಸನ್ನ ಬಿಟ್ಟುಕೊಡೋದು ಎಂಥ ದಡ್ಡತನ. ಆದ್ರೆ ಪ್ರಶ್ನೆ ಪ್ರತಿ ಸೆಷನ್ ಬದಲಾಗುತ್ತೆ, ಮೇಲೆ ಬರೆದಿರೋ ವರ್ಷ ನೋಡ್ಕೊಂಡು ಶುರು ಮಾಡಿ. ನಾನು ಒಂದು ಸಲ ಯಾರೋ ಗ್ರೂಪಲ್ಲಿ ಹಾಕಿದ ಪಿಡಿಎಫ್ ನಂಬ್ಕೊಂಡು ಮೂರು ಪೇಪರಿಗೆ ಅರವತ್ತು ಹಾಳೆ ಬರೆದೆ, ಕೊಡೋಕೆ ಹೋದಾಗ ಕೌಂಟರಲ್ಲಿದ್ದೋರು ಮೊದಲ ಹಾಳೆ ನೋಡಿ ಇದು ಹೋದ ವರ್ಷದ್ದಲ್ವಾ ಅಂದ್ರು. ಕೊನೇ ದಿನಕ್ಕೆ ನಾಲ್ಕು ದಿನ ಇತ್ತು. ಹೆಬ್ಬೆರಳು ಊದಿಕೊಂಡಿತ್ತು ಬರೆದೂ ಬರೆದೂ.

ಕೊಡೋ ಮುಂಚೆ ಪೂರ್ತಿ ಜೆರಾಕ್ಸ್ ಮಾಡಿಸಿ ಇಲ್ಲ ಫೋನಲ್ಲಿ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ, ರಸೀದಿ ಕೇಳಿ ತಗೊಳ್ಳಿ, ಕೊಟ್ಟ ಅಸೈನ್‌ಮೆಂಟಿನ ಮಾರ್ಕ್ಸು ಸೈಟಲ್ಲಿ ಕಾಣಿಸದೇ ಇದ್ದಾಗ ಕೈಲಿರೋ ರಸೀದಿ ಒಂದೇ ನಿಮ್ಮ ಪರ ಮಾತಾಡೋದು. ಪೋಸ್ಟಲ್ಲಿ ಕಳಿಸೋದಾದ್ರೆ ಸ್ಪೀಡ್ ಪೋಸ್ಟು.

ಆನ್‌ಲೈನ್ ಕೋರ್ಸಿನ ಬಗ್ಗೆ ಎರಡು ಮಾತು

ಡಿಗ್ರಿ ಬೇಡ, ಏನೋ ಒಂದು ವಿಷಯ ಕಲಿತರೆ ಸಾಕು ಅನ್ನೋರಿಗೆ ಸ್ವಯಂ, ಎನ್‌ಪಿಟಿಇಎಲ್ ಅಂತ ಸರ್ಕಾರದ ದುಡ್ಡಲ್ಲಿ ನಡೆಯೋ ಆನ್‌ಲೈನ್ ಪಾಠದ ಸೈಟುಗಳಿವೆ, ಐಐಟಿ, ನಮ್ಮ ಬೆಂಗಳೂರಿನ ಐಐಎಸ್‌ಸಿ ಮೇಷ್ಟ್ರುಗಳ ಪಾಠ ಬಿಟ್ಟಿಯಾಗಿ ಸಿಗುತ್ತೆ. ಬಿಟ್ಟಿ ಅನ್ನೋದೇ ಅದರ ಕಷ್ಟ. ಅಮೆರಿಕದ ಎಂಐಟಿ, ಹಾರ್ವರ್ಡ್ ನಡೆಸಿದ ಆನ್‌ಲೈನ್ ಕೋರ್ಸುಗಳ ಲೆಕ್ಕ ತೆಗೆದಾಗ 2017-18ರಲ್ಲಿ ಹೆಸರು ಕೊಟ್ಟೋರಲ್ಲಿ ಕೋರ್ಸ್ ಮುಗಿಸಿದ್ದು 3.13 ಪರ್ಸೆಂಟ್. ನೂರು ಜನದಲ್ಲಿ ಮೂರು ಜನ. ಅದಕ್ಕೆ ನಾನು ಹೇಳೋದು, ಫ್ರೀ ಕೋರ್ಸಾದ್ರೂ ಎಕ್ಸಾಮ್ ಫೀ ಮೊದಲೇ ಕಟ್ಟಿಬಿಡಿ. ಎನ್‌ಪಿಟಿಇಎಲ್‌ಗೆ ನಾನು ಕಟ್ಟಿದ್ದು ಸಾವಿರ ರೂಪಾಯಿ, ಸೆಂಟರಿಗೆ ಹೋಗಿ ಬರೀಬೇಕು, ಎಕ್ಸಾಮಿಗೆ 75 ಮಾರ್ಕ್ಸು, ವಾರದ ಅಸೈನ್‌ಮೆಂಟಿಗೆ 25, ಹನ್ನೆರಡು ವಾರದ್ದಾದ್ರೆ ಅದರಲ್ಲಿ ಚೆನ್ನಾಗಿ ಬಂದ ಎಂಟನ್ನ ಮಾತ್ರ ತಗೋತಾರೆ. ಆ ಸಾವಿರ ಹೋಗುತ್ತಲ್ಲಾ ಅನ್ನೋ ಹೊಟ್ಟೆಯುರಿಗೇ ನಾನು ಒಂದು ಕೋರ್ಸ್ ಮುಗಿಸಿದ್ದು.

ಎಕ್ಸಾಮು, ಆಮೇಲಿಂದು

ಫಾರಂ ತುಂಬೋ ಡೇಟು ಯಾರೂ ಮನೆಗೆ ಬಂದು ಹೇಳಲ್ಲ. ಪ್ರತಿ ಸೋಮವಾರ ವೆಬ್‌ಸೈಟ್ ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ, ಇಗ್ನೋ ಆದ್ರೆ ಜೂನ್ ಡಿಸೆಂಬರ್ ಎರಡು ಸಲ ಎಕ್ಸಾಮು. ಹಾಲ್ ಟಿಕೆಟಲ್ಲಿ ಸಬ್ಜೆಕ್ಟ್ ಕೋಡ್ ಸರಿ ಇದ್ಯಾ ನೋಡಿ. ಕೂತು ಮೂರು ಗಂಟೆ ಕೈಯಲ್ಲಿ ಬರೆಯೋದು ಅಭ್ಯಾಸ ತಪ್ಪಿರುತ್ತೆ, ಒಂದು ತಿಂಗಳು ಮುಂಚೆಯಿಂದ ಹಳೇ ಪ್ರಶ್ನೆ ಪತ್ರಿಕೆ ಇಟ್ಕೊಂಡು ಗಡಿಯಾರ ನೋಡ್ಕೊಂಡು ಬರೀರಿ.

ಎಕ್ಸಾಮ್ ಹಾಲಲ್ಲಿ ಮೊದಲ ದಿನ ನನ್ನ ಮುಂದೆ ಕೂತಿದ್ದೋರು ಕೆಎಸ್‌ಆರ್‌ಟಿಸಿ ಕಂಡಕ್ಟರು, ನೈಟ್ ಡ್ಯೂಟಿ ಮುಗಿಸಿ ಖಾಕಿ ಶರ್ಟಲ್ಲೇ ಬಂದಿದ್ರು, ಕಿವಿ ಹಿಂದೆ ಪೆನ್ನು. ಪಕ್ಕದ ಸಾಲಲ್ಲಿ ಒಬ್ಬಳು, ಅವಳ ಮಗು ಹೊರಗೆ ಬೇವಿನ ಮರದ ಕೆಳಗೆ ಅಜ್ಜಿ ಹತ್ರ ಅಳ್ತಿದೆ, ಅದು ಅತ್ತಾಗೆಲ್ಲ ಇವಳ ಪೆನ್ನು ನಿಲ್ಲುತ್ತೆ, ಸುಮ್ಮನಾದ್ರೆ ಮತ್ತೆ ಓಡುತ್ತೆ. ರೆಗ್ಯುಲರ್ ಕಾಲೇಜಲ್ಲಿ ಎಕ್ಸಾಮ್ ಬರೆದಿದ್ದಾಗ ನಾನು ಗಡಿಯಾರ ಬಿಟ್ಟು ಬೇರೇನೂ ನೋಡಿರ್ಲಿಲ್ಲ.

ಆಮೇಲೆ ಎಲ್ಲರೂ ಕೇಳೋದು, ಈ ಡಿಗ್ರಿಗೆ ಬೆಲೆ ಇದ್ಯಾ ಅಂತ. ಮಾನ್ಯತೆ ಇರೋ ಯೂನಿವರ್ಸಿಟಿಯ ದೂರ ಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲಿ ಮತ್ತೆ ಸ್ಪಷ್ಟ ಮಾಡಿದೆ, ಡಿಗ್ರಿ ಕೇಳೋ ಎಫ್‌ಡಿಎ ಥರದ ಎಕ್ಸಾಮಿಗೆಲ್ಲ ಹಾಕಬಹುದು. ಆದ್ರೆ ಪ್ರೈವೇಟಲ್ಲಿ ಇಂಟರ್ವ್ಯೂ ತಗೊಳ್ಳೋರು ಕೆಲವರು ಮೂಗು ಮುರೀತಾರೆ, ಇದು ಇರೋ ಮಾತು. ನನ್ನನ್ನೂ ಒಬ್ಬರು ಓ ಡಿಸ್ಟೆನ್ಸಾ ಅಂದ್ರು. ಹೌದು ಸಾರ್, ಹನ್ನೊಂದು ಗಂಟೆ ಕೆಲಸದ ಜೊತೆ ಅಂದೆ. ಕೆಲಸ ಅಲ್ಲಿ ಸಿಗ್ಲಿಲ್ಲ, ಬೇರೆ ಕಡೆ ಸಿಕ್ತು.

ನಾದಿನಿ ವಿಷಯಕ್ಕೆ ಬರ್ತೀನಿ. ಅವಳು ಬಟ್ಟೆ ಶೋರೂಮಲ್ಲಿ ಕೆಲಸ ಮಾಡೋದು, ವಯಸ್ಸು ಇಪ್ಪತ್ನಾಲ್ಕು, ಕಾಲೇಜಿಗೆ ಹೋಗೋ ಪ್ರಶ್ನೆನೇ ಇಲ್ಲ. ಕ್ಯಾಲೆಂಡರ್ ಹಿಂದೆ ಏಳು ದಿನ ಬರೆದು ಫೋಟೋ ಕಳಿಸಿದ್ಲು. ಕೂಡಿದ್ರೆ ಹನ್ನೆರಡು ಗಂಟೆ, ಅದರಲ್ಲಿ ಐದು ಗಂಟೆ ಅವಳ ವಾರದ ರಜೆ ಮಂಗಳವಾರದ್ದೇ. ಬೇಕಿರೋದು ಆ ಹಳೇ 96 ಕ್ರೆಡಿಟ್ಟಿನ ಲೆಕ್ಕಕ್ಕೇ ಹದಿನೆಂಟು. ಬೇಜಾರಲ್ಲಿ ಆಗಲ್ಲ ಬಿಡಿ ಅತ್ತಿಗೆ ಅಂದ್ಲು. ನಾನು ಇಲ್ಲ ತಾಳು, ಮೂರು ವರ್ಷದ ಕೋರ್ಸಿಗೆ ಇಗ್ನೋಲಿ ಆರು ವರ್ಷದವರೆಗೆ ಟೈಮ್ ಇರುತ್ತೆ, ಆ ಹಳೇ ಲೆಕ್ಕದಲ್ಲಿ ನಿನ್ನ ಹನ್ನೆರಡು ಗಂಟೆಗೆ ನಾಲ್ಕೂವರೆ ಐದು ವರ್ಷ ಹಿಡಿಯುತ್ತೆ ಅಷ್ಟೇ, ಎಲ್ಲಾ ಪೇಪರ್ ಒಂದೇ ಸಲ ಬರೀಬೇಡ, ಮೊದಲ ಎಕ್ಸಾಮಿಗೆ ಎರಡೇ ಕಟ್ಟು ಅಂದೆ. ಈಗ ಅವಳ ಆಧಾರಲ್ಲಿ ಅಪ್ಪನ ಹೆಸರಿನ ಒಂದಕ್ಷರ ತಪ್ಪಿದೆ, ಬರೋ ಮಂಗಳವಾರ ಅದನ್ನ ಸರಿ ಮಾಡಿಸೋಕೆ ಹೋಗ್ತಿದ್ದೀವಿ.